ಮೂರು ಮಣ್ಣು, ಅರ್ಧ ಚಾರ್ಟು: ಮಗಳ ಪ್ರಯೋಗಕ್ಕೆ ಪೋಸ್ಟರ್ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಗುಡ್ಡೆಯ ಕೆಂಪು ಮಣ್ಣು, ಅಡಿಕೆ ತೋಟದ ಮಣ್ಣು, ಬೈಲಿನ ಗದ್ದೆಯ ಮಣ್ಣು, ಈ ಮೂರರಲ್ಲಿ ಯಾವುದು ನೀರನ್ನು ಜಾಸ್ತಿ ಹಿಡಿದಿಡುತ್ತದೆ ಎಂದು ಪ್ರಯೋಗ ಮಾಡಿದ್ದಾಳೆ. ಪ್ಲಾಸ್ಟಿಕ್ ಬಾಟಲಿ ಅರ್ಧಕ್ಕೆ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗೆ ನಿಲ್ಲಿಸಿದ್ದಾಳೆ. ಅದಕ್ಕೆ 100 ಗ್ರಾಂ ಒಣ ಮಣ್ಣು ಹಾಕಿ, 100 ಮಿ.ಲೀ. ನೀರು ಹೊಯ್ದು, ಅರ್ಧ ಗಂಟೆಯಲ್ಲಿ ಕೆಳಗಿಳಿದ ನೀರನ್ನು ಅಳೆದಿದ್ದಾಳೆ. ಪ್ರತಿ ಮಣ್ಣಿಗೂ ಮೂರು ಸಲ. ಗುಡ್ಡೆ ಮಣ್ಣಿನಿಂದ ಇಳಿದದ್ದು 68, 71, 69 ಮಿ.ಲೀ. ತೋಟದ ಮಣ್ಣಿನಿಂದ 52, 55, 49. ಬೈಲಿನ ಮಣ್ಣಿನಿಂದ 38, 41, 66. ಶಾಲೆಯಲ್ಲಿ ಅರ್ಧ ಚಾರ್ಟ್ ಪೇಪರಿನಲ್ಲಿ ಪೋಸ್ಟರ್ ಮಾಡಿ ತರಲು ಹೇಳಿದ್ದಾರೆ. ಚೆನ್ನಾಗಿ ಬಂದರೆ ಉಪಜಿಲ್ಲಾ ವಿಜ್ಞಾನ ಮೇಳಕ್ಕೂ ಕಳಿಸುತ್ತಾರಂತೆ. ಅವಳು ನಾಲ್ಕು ಹಾಳೆ ಬರೆದಿಟ್ಟಿದ್ದಾಳೆ, 14 ಫೋಟೋ ತೆಗೆದಿದ್ದಾಳೆ. ಅಷ್ಟನ್ನೂ ಹೇಗೆ ಹಿಡಿಸುವುದು? ಪೇಟೆಯಲ್ಲಿ ಪ್ರಿಂಟ್ ಮಾಡಿಸುವುದು ಒಳ್ಳೆಯದಾ? ಆ 66 ಏನೋ ತಪ್ಪಾಗಿ ಬಂದದ್ದು. ಅದನ್ನು ಬಿಟ್ಟುಬಿಡಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

66ನ್ನು ಬಿಡಬೇಡಿ. ಅಳಿಸಬೇಡಿ, 46 ಎಂದು ತಿದ್ದಲೂ ಬೇಡಿ. ನಾನು ತುಂಬಾ ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮೇಳಗಳಲ್ಲಿ ಮಕ್ಕಳ ಚಾರ್ಟುಗಳ ಮುಂದೆ ಅಂಕದ ಹಾಳೆ ಹಿಡಿದು ನಿಂತವಳು. ಎಲ್ಲ ಅಳತೆಯೂ ಒಂದೇ ಸಮ ಬಂದ ಪ್ರಯೋಗ ಕಂಡರೆ ನನಗೆ ಸಂಶಯ ಬರುತ್ತದೆ. ಒಂದು ಅಳತೆ ದಾರಿ ತಪ್ಪಿದ್ದು ಕಂಡರೆ, ಈ ಮಗು ನಿಜವಾಗಿ ಅಂಗಳದಲ್ಲಿ ಕೂತು ನೀರು ಹೊಯ್ದು ಅಳೆದಿದೆ ಎಂಬ ನಂಬಿಕೆ ಬರುತ್ತದೆ. ನಿಮ್ಮ ಮಗಳು ಮೂರು ಸಲ ಮಾಡಿದ್ದಾಳೆ ಅಲ್ವಾ, ಅದು ದೊಡ್ಡ ವಿಷಯ. ಒಂದೇ ಸಲ ಮಾಡಿದ್ದರೆ ಸಿಕ್ಕಿದ್ದು 38 ಆಗಬಹುದಿತ್ತು, 66 ಆಗಬಹುದಿತ್ತು. ಯಾವುದನ್ನು ನಂಬುವುದು ಎಂದು ಗೊತ್ತೇ ಆಗುತ್ತಿರಲಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇರುವ ಜಾಗದಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ. ಅಂಥ ಕಡೆಗಳಲ್ಲೂ ಒಂದು ಗೊಬ್ಬರ ಒಳ್ಳೆಯದೋ ಅಲ್ಲವೋ ಎಂದು ಒಂದೇ ಮರ ನೋಡಿ ಹೇಳುವುದಿಲ್ಲ. ಹಲವು ಮರಕ್ಕೆ ಹಾಕಿ ನೋಡುತ್ತಾರೆ. ಮಗಳು ಮಾಡಿದ್ದೂ ಅದನ್ನೇ, ಸಣ್ಣ ಮಟ್ಟದಲ್ಲಿ.

ಹಾಗಾದರೆ 66 ಯಾಕೆ ಬಂತು? ನನ್ನ ಅಂದಾಜು ಹೀಗೆ. ಬೈಲಿನ ಮಣ್ಣು ಜೇಡಿ. ಒಣಗಿದರೆ ಹೆಂಟೆಗಟ್ಟುತ್ತದೆ. ಹೆಂಟೆಗಳನ್ನು ಸರಿಯಾಗಿ ಪುಡಿ ಮಾಡದೆ ಬಾಟಲಿಗೆ ಹಾಕಿದರೆ ನಡುವೆ ಸಂದು ಉಳಿಯುತ್ತದೆ. ಬಾಟಲಿಯ ಬದಿಗೂ ಮಣ್ಣಿಗೂ ಮಧ್ಯೆ ಕೂಡ ಸಂದು ಇರುತ್ತದೆ. ನೀರು ಮಣ್ಣಿನೊಳಗೆ ಹೋಗುವ ಕಷ್ಟ ತೆಗೆದುಕೊಳ್ಳದೆ ಆ ಸಂದಿನಲ್ಲೇ ಸರ್ರನೆ ಇಳಿದುಬಿಡುತ್ತದೆ. ಆಗ ನೀವು ಅಳೆಯುವುದು ಮಣ್ಣಿನ ಗುಣವನ್ನಲ್ಲ, ಸಂದಿನ ಗುಣವನ್ನು. ಆ ಮೂರನೇ ಸಲ ನೀರು ಹೊಯ್ದ ಕೂಡಲೇ ಕೆಳಗೆ ಬಂತಾ, ಬದಿಯಲ್ಲಿ ನೀರಿನ ಗೆರೆ ಕಂಡಿತಾ ಎಂದು ಮಗಳಲ್ಲಿ ಕೇಳಿ. ಅವಳು ಆ ದಿನ ಬರೆದ ನೋಟ್ ಪುಸ್ತಕ ಇದ್ದರೆ ತೆಗೆದು ನೋಡಿ. ಒಂದು ಫೋಟೋದಲ್ಲಿ ಸಿಕ್ಕಿದರೂ ಸಿಕ್ಕಬಹುದು.

ಈಗ ಲೆಕ್ಕ ನೋಡಿ. ಬೈಲಿನ ಮೂರೂ ಅಳತೆಯನ್ನು ಕೂಡಿಸಿ ಸರಾಸರಿ ತೆಗೆದರೆ 48. ತೋಟದ ಮಣ್ಣಿನ ಸರಾಸರಿ 52. ನೋಡುವವರು ಇವೆರಡೂ ಹೆಚ್ಚುಕಮ್ಮಿ ಒಂದೇ ಎಂದುಕೊಳ್ಳುತ್ತಾರೆ. 66ನ್ನು ತೆಗೆದುಹಾಕಿದರೆ ಸರಾಸರಿ ಸುಮಾರು 40. ಆಗ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಅಳತೆ ಇಟ್ಟರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು ಉತ್ತರ. ಅದಕ್ಕೇ ಅದನ್ನು ಮೌನವಾಗಿ ತೆಗೆಯುವ ಹಕ್ಕು ನಮಗಿಲ್ಲ. ಇದಕ್ಕೊಂದು ಸುಲಭ ದಾರಿ ಇದೆ. ಸರಾಸರಿಯ ಬದಲು ನಡುವಿನ ಅಳತೆ ತೆಗೆದುಕೊಳ್ಳುವುದು. ಮೂರು ಅಂಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದರೆ ಮಧ್ಯದಲ್ಲಿ ಬರುವುದು. ಗುಡ್ಡೆಗೆ 69, ತೋಟಕ್ಕೆ 52, ಬೈಲಿಗೆ 41. ಮೊದಲ ಎರಡಕ್ಕೆ ಸರಾಸರಿಯೂ ಅಷ್ಟೇ ಬರುತ್ತದೆ. ಬೈಲಿಗೆ ಮಾತ್ರ ಬೇರೆ. ನಡುವಿನ ಅಳತೆಯನ್ನು ಚಿತ್ರದಲ್ಲಿ ಇಟ್ಟು, ಒಂಬತ್ತೂ ಅಳತೆಗಳನ್ನು ಚುಕ್ಕಿಗಳಾಗಿ ಅದರ ಮೇಲೆ ತೋರಿಸಿದರೆ ಯಾರಿಂದಲೂ ಏನನ್ನೂ ಮುಚ್ಚಿಟ್ಟ ಹಾಗಾಗುವುದಿಲ್ಲ. 66ರ ಚುಕ್ಕಿಯ ಪಕ್ಕ ಸಣ್ಣದಾಗಿ ‘ಬದಿಯಿಂದ ನೀರು ಇಳಿದಿರಬಹುದು’ ಎಂದು ಬರೆದರೆ ಸಾಕು. ಹಾಂ, ಸರಾಸರಿ ಬರೆಯಲೇಬೇಕು ಎಂದು ಟೀಚರ್ ಹೇಳಿದರೆ 69.33 ಎಂದೆಲ್ಲ ಬರೆಯುವುದು ಬೇಡ. ಒಂದು ಮಿ.ಲೀ. ಗೆರೆ ಇರುವ ಅಳತೆ ಜಾಡಿಯಲ್ಲಿ ಅಳೆದವರಿಗೆ ದಶಾಂಶದ ಆಚೆಗಿನದು ಗೊತ್ತಿರುವುದಿಲ್ಲ.

ಪೋಸ್ಟರಿಗೆ ಹೋಗುವ ಮೊದಲು ಇನ್ನೊಂದು ಮಾತು, ಇದು ತುಂಬಾ ಮುಖ್ಯ. ನೀವು ‘ಯಾವುದು ನೀರನ್ನು ಜಾಸ್ತಿ ಹಿಡಿದಿಡುತ್ತದೆ’ ಎಂದು ಬರೆದಿದ್ದೀರಿ. ಮಗಳು ಅಳೆದದ್ದು ಅದನ್ನಲ್ಲ. ಅರ್ಧ ಗಂಟೆಯಲ್ಲಿ ಎಷ್ಟು ನೀರು ಕೆಳಗೆ ಇಳಿಯಿತು ಎಂಬುದನ್ನು. ಎರಡೂ ಒಂದೇ ಅಂತ ಕಾಣುತ್ತದೆ, ಆದರೆ ಅಲ್ಲ. ಅರ್ಧ ಗಂಟೆ ಮುಗಿದಾಗ ಬೈಲಿನ ಮಣ್ಣಿನ ಮೇಲೆ ನೀರು ಇನ್ನೂ ನಿಂತಿತ್ತಾ? ನಿಂತಿದ್ದರೆ ಆ ನೀರನ್ನು ಮಣ್ಣು ಹಿಡಿದಿಟ್ಟಿಲ್ಲ. ನೀರು ಒಳಗೆ ಹೋಗಲು ಸರದಿಯಲ್ಲಿ ಕಾಯುತ್ತಿದೆ ಅಷ್ಟೇ. ಹಿಡಿದಿಡುವುದು ಬೇರೆ, ನಿಧಾನವಾಗಿ ಬಿಡುವುದು ಬೇರೆ. ಹಿಡಿದಿಡುವುದನ್ನು ಅಳೆಯಬೇಕಾದರೆ ಹನಿ ಬೀಳುವುದು ಪೂರ್ತಿ ನಿಲ್ಲುವ ತನಕ ಕಾಯಬೇಕು. ಜೇಡಿಗೆ ಒಂದು ರಾತ್ರಿಯೇ ಬೇಕಾಗಬಹುದು. ಈಗ ಇರುವ ಅಂಕೆಗಳಿಗೆ ನಿಷ್ಠವಾಗಿರಬೇಕಾದರೆ ‘ಯಾವ ಮಣ್ಣಿನಿಂದ ನೀರು ಬೇಗ ಇಳಿಯುತ್ತದೆ’ ಎಂಬುದೇ ಅವಳ ಪ್ರಶ್ನೆ. ಪ್ರಶ್ನೆ ಸಣ್ಣದಾಯಿತು ಎಂದು ಬೇಜಾರು ಬೇಡ. ಅವಳು ಉತ್ತರ ಕೊಡಬಲ್ಲ ಪ್ರಶ್ನೆ ಅದು.

ಅವಳು ಬರೆದ ನಾಲ್ಕು ಹಾಳೆಯಲ್ಲಿ ಸುರಂಗದ ವಿಷಯ ಇದ್ದೇ ಇರುತ್ತದೆ ಎಂದು ನನ್ನ ಊಹೆ. ನಮ್ಮ ಕಡೆಯ ಮಕ್ಕಳು ಮಣ್ಣು ಮತ್ತು ನೀರಿನ ಬಗ್ಗೆ ಬರೆದರೆ ಸುರಂಗ ಬಾರದೆ ಇರುವುದಿಲ್ಲ. ಬರಲೂ ಬೇಕು. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದು, ಆಳು ನಡೆದು ಹೋಗುವಷ್ಟು ಎತ್ತರ ಮಾಡಿ, ಪಂಪಿಲ್ಲದೆ ಕರೆಂಟಿಲ್ಲದೆ ನೀರು ಅಂಗಳಕ್ಕೆ ಹರಿದು ಬರುವ ಹಾಗೆ ಮಾಡಿದ ಹಿರಿಯರು ನಮ್ಮವರು. ಮೇಲಿನ ಮುರಕಲ್ಲು ತೂತು ತೂತು. ಮಳೆನೀರು ಇಳಿದುಹೋಗುತ್ತದೆ. ಕೆಳಗಿನ ಜೇಡಿಯ ಪದರ ಅದನ್ನು ತಡೆಯುತ್ತದೆ. ತಡೆದ ನೀರು ಸುರಂಗದಲ್ಲಿ ಒಸರುತ್ತದೆ. ಈ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಬಂದದ್ದು ಕೂಡ ನಮ್ಮಿಂದ ತುಂಬಾ ದೂರದಲ್ಲೇನಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ನೋಡಿ, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಆ ಹೆಸರು ಕಟ್ಟಿದ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಇದೆಲ್ಲ ಮಗಳಿಗೆ ಗೊತ್ತಿರಲಿ, ಯಾರಾದರೂ ಕೇಳಿದರೆ ಹೇಳಲಿ. ಆದರೆ ಪೋಸ್ಟರಿನಲ್ಲಿ ‘ಇದರಿಂದ ಸುರಂಗದಲ್ಲಿ ನೀರು ಯಾಕೆ ಬರುತ್ತದೆ ಎಂದು ಸಾಬೀತಾಯಿತು’ ಎಂದು ಬರೆಯುವುದು ಬೇಡ. 100 ಗ್ರಾಂ ಸಡಿಲ ಮಣ್ಣು ಒಂದು ಗುಡ್ಡೆ ಅಲ್ಲ. ‘ನಮ್ಮ ಮನೆಯ ಸುರಂಗದ ನೀರಿಗೂ ಇದಕ್ಕೂ ಸಂಬಂಧ ಇದೆಯೇ? ಇದು ನನ್ನ ಮುಂದಿನ ಪ್ರಶ್ನೆ’ ಎಂದು ಬರೆದರೆ ಅದೇ ವಿಷಯ ಎಷ್ಟು ಚೆನ್ನಾಗಿ ಬಂತು ನೋಡಿ.

ಈಗ ನಾಲ್ಕು ಹಾಳೆಯನ್ನು ಅರ್ಧ ಚಾರ್ಟಿನಲ್ಲಿ ಹಿಡಿಸುವ ಪ್ರಶ್ನೆ. ಹಿಡಿಯುವುದಿಲ್ಲ. ಸುಮ್ನೆ ಹೇಳುತ್ತಿಲ್ಲ, ಅಳೆದು ನೋಡೋಣ. ಅಂಗಡಿಯಲ್ಲಿ ಸಿಗುವ ಚಾರ್ಟ್ ಪೇಪರ್ ಸುಮಾರು 22 ಇಂಚು ಅಗಲ, 28 ಇಂಚು ಉದ್ದ. ಅರ್ಧ ಮಾಡಿ ಅಡ್ಡ ಹಿಡಿದರೆ 22 ಇಂಚು ಅಗಲ, 14 ಇಂಚು ಎತ್ತರ. ಅಂದರೆ 56 ಸೆಂ.ಮೀ.ಗೆ 35. ಗೋಡೆಯಲ್ಲಿದ್ದ ಚಾರ್ಟನ್ನು ಜನ ಒಂದು ಮೀಟರ್ ದೂರದಿಂದ ಓದುತ್ತಾರೆ. ಅಷ್ಟು ದೂರದಿಂದ ಕಣ್ಣು ಕಿರಿದು ಮಾಡದೆ ಓದಲು ಅಕ್ಷರ 8 ಮಿ.ಮೀ. ಎತ್ತರ ಇರಬೇಕು. ಕನ್ನಡಕ್ಕೆ ಇನ್ನೂ ಒಂದು ವಿಷಯ ಇದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ಶಾಸ್ತ್ರ’, ‘ರಾಷ್ಟ್ರ’ ಬರೆದು ನೋಡಿ. ಇಂಗ್ಲಿಷಿನ ಹಾಗೆ ಸಾಲುಗಳನ್ನು ಒತ್ತಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆದ್ದರಿಂದ ಒಂದು ಸಾಲಿಂದ ಇನ್ನೊಂದಕ್ಕೆ 18 ಮಿ.ಮೀ. ಬಿಡಬೇಕು. ಮೇಲೆ ಶೀರ್ಷಿಕೆಗೆ 8 ಸೆಂ.ಮೀ. ಕೊಟ್ಟು, ಮಧ್ಯದಲ್ಲಿ ಚಿತ್ರಕ್ಕೆ ಜಾಗ ಇಟ್ಟು, ಎಡಕ್ಕೆ ಬಲಕ್ಕೆ 15 ಸೆಂ.ಮೀ. ಅಗಲದ ಒಂದೊಂದು ಪಟ್ಟಿ ಉಳಿಸಿದರೆ, ಒಂದು ಪಟ್ಟಿಯಲ್ಲಿ 13 ಸಾಲು, ಸಾಲಿಗೆ ಮೂರು ಪದ. ಎರಡೂ ಸೇರಿ ಸುಮಾರು 80 ಪದ. ಇಷ್ಟೇ ನಿಮ್ಮಲ್ಲಿರುವ ಜಾಗ.

80 ಪದ ಎಂದರೆ ಮಗಳಿಗೆ ಅಳು ಬರಬಹುದು. ಅವಳ ನಾಲ್ಕು ಹಾಳೆ ವ್ಯರ್ಥವಲ್ಲ ಎಂದು ಹೇಳಿ. ಅದನ್ನು ಒಂದು ಫೈಲಿನಲ್ಲಿ ಹಾಕಿ ಪೋಸ್ಟರಿನ ಕೆಳಗೆ ಮೇಜಿನ ಮೇಲೆ ಇಡಲಿ, ಜೊತೆಗೆ ನೋಟ್ ಪುಸ್ತಕವನ್ನೂ. ಬೇಕಾದವರು ತೆರೆದು ನೋಡುತ್ತಾರೆ. ಪೋಸ್ಟರ್ ಎಂದರೆ ಆ ಹಾಳೆಗಳ ನಕಲಲ್ಲ. ‘ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ’ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುವ ಕ್ರಮ ಇದೆಯಲ್ಲ, ಅದನ್ನು ಹಾಗೇ ಚಾರ್ಟಿಗೆ ಇಳಿಸುವುದು ನಮ್ಮ ಶಾಲೆಗಳಲ್ಲಿ ರೂಢಿಯಾಗಿಬಿಟ್ಟಿದೆ. ನಾನೂ ಮಕ್ಕಳಿಂದ ವರ್ಷಗಟ್ಟಲೆ ಹಾಗೇ ಬರೆಸಿದ್ದೇನೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಬಲಗಡೆಯ ಕೆಳಮೂಲೆಯಲ್ಲಿ, ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಬರುತ್ತದೆ, ಯಾಕೆಂದರೆ ಅಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಇದು ನಮ್ಮ ಶಾಲೆಗಳ ಕಷ್ಟ ಮಾತ್ರ ಅಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳ ಪೋಸ್ಟರೂ ಹೀಗೇ ತುಂಬಿ ತುಳುಕುತ್ತಿರುತ್ತದೆ. 2019ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಮೈಕ್ ಮಾರಿಸನ್ ಒಂದು ವಿಡಿಯೋ ಮಾಡಿ, ಕಂಡುಕೊಂಡ ಒಂದೇ ಮಾತನ್ನು ನಡುವೆ ದೊಡ್ಡ ಅಕ್ಷರದಲ್ಲಿ, ಸುಲಭ ಭಾಷೆಯಲ್ಲಿ ಹಾಕಿ, ಉಳಿದದ್ದನ್ನು ಪಕ್ಕಕ್ಕೆ ಸರಿಸಿ ಎಂದು ಹೇಳಿದ. ಎಷ್ಟೋ ಜನ ಅದನ್ನು ಒಪ್ಪಿದರು, ಎಷ್ಟೋ ಜನ ಇದು ತೀರಾ ಖಾಲಿಯಾಯಿತು ಎಂದರು. ಎಂಟನೇ ಕ್ಲಾಸಿನ ಮಗುವಿಗೆ ಅವನ ಮಾತಿನ ಮೊದಲ ಅರ್ಧ ತುಂಬಾ ಉಪಯೋಗ. ಆದರೆ ನಡುವಿನ ಜಾಗ ಮಾತಿಗಲ್ಲ, ಚಿತ್ರಕ್ಕೆ ಇರಲಿ ಎಂಬುದು ನನ್ನ ಅಭಿಪ್ರಾಯ. ಮಾತು ಶೀರ್ಷಿಕೆಗೆ ಹೋಗಲಿ.

ಹಾಗಾಗಿ ಶೀರ್ಷಿಕೆ ‘ವಿವಿಧ ಮಣ್ಣುಗಳ ಜಲಧಾರಣಾ ಸಾಮರ್ಥ್ಯದ ಅಧ್ಯಯನ’ ಎಂದು ಬೇಡ. ಅದರಲ್ಲಿ ಅವಳು ಏನು ಕಂಡಳು ಎಂಬುದೇ ಇಲ್ಲ. ‘ಗುಡ್ಡೆ ಮಣ್ಣಿಂದ ನೀರು ಬೇಗ ಇಳಿಯಿತು, ಬೈಲು ಮಣ್ಣಿಂದ ನಿಧಾನ’. ಇಷ್ಟು. ಎರಡು ಸೆಂ.ಮೀ. ಎತ್ತರದ ಅಕ್ಷರದಲ್ಲಿ ಎರಡು ಸಾಲಿಗೆ ಸರಿಯಾಗಿ ಕೂರುತ್ತದೆ. ‘ಇಳಿಯಿತು’ ಎಂದು ಬರೆದಿದ್ದೇನೆ, ‘ಇಳಿಯುತ್ತದೆ’ ಎಂದಲ್ಲ. ಅವಳ ಬಾಟಲಿಯಲ್ಲಿ, ಆ ದಿನ ಆದದ್ದು ಅದು. ಲೋಕದ ಎಲ್ಲ ಗುಡ್ಡೆಗಳ ಬಗ್ಗೆ ಅವಳು ಹೇಳಬೇಕಾಗಿಲ್ಲ.

ನಡುವಿನ ಚಿತ್ರದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಮೂರು ಕಂಬಗಳ ಗ್ರಾಫ್ ಬರೆಯಿರಿ. ಕೆಳಗಿನ ಗೆರೆ ಸೊನ್ನೆ. ಒಂದು ಸೆಂ.ಮೀ.ಗೆ 5 ಮಿ.ಲೀ. ಎಂದು ಇಟ್ಟರೆ ಸ್ಕೇಲಿನಲ್ಲಿ ಅಳೆಯುವುದು ಸುಲಭ. ಗುಡ್ಡೆಯ 69 ಮಿ.ಲೀ.ಗೆ 13.8 ಸೆಂ.ಮೀ., ತೋಟದ 52ಕ್ಕೆ 10.4, ಬೈಲಿನ 41ಕ್ಕೆ 8.2. ಸೊನ್ನೆಯಿಂದಲೇ ಶುರು ಮಾಡಬೇಕು. ಜಾಗ ಉಳಿಸಲು 30ರಿಂದ ಶುರು ಮಾಡಿದರೆ ಗುಡ್ಡೆಯ ಕಂಬ ಬೈಲಿನದಕ್ಕಿಂತ ಮೂರೂವರೆ ಪಟ್ಟು ಎತ್ತರ ಕಾಣುತ್ತದೆ. ನಿಜಕ್ಕೂ ಅದು ಎರಡು ಪಟ್ಟೂ ಇಲ್ಲ.

ಇನ್ನು ಬಣ್ಣ. ಸ್ಕೆಚ್ ಪೆನ್ನಿನಲ್ಲಿ ಕೆಂಪು, ಹಸಿರು, ನೀಲಿ ತುಂಬಬೇಡಿ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಎಲ್ಲ ಕಡೆ ಇರುತ್ತಾರೆ, ಗಂಡಸರಲ್ಲಿ ಜಾಸ್ತಿ. ನಿಮ್ಮಲ್ಲಿ ಅದಕ್ಕಿಂತ ಒಳ್ಳೆಯ ಬಣ್ಣ ಇದೆ, ಆ ಮಣ್ಣೇ. ಕಂಬದ ಗೆರೆ ಎಳೆದು, ಒಳಗೆ ಫೆವಿಕಾಲ್ ತೆಳ್ಳಗೆ ಸವರಿ, ಗುಡ್ಡೆಯ ಕಂಬಕ್ಕೆ ಗುಡ್ಡೆಯ ಮಣ್ಣನ್ನೇ ಉದುರಿಸಿ. ತೋಟದ್ದಕ್ಕೆ ತೋಟದ್ದು, ಬೈಲಿನದ್ದಕ್ಕೆ ಬೈಲಿನದ್ದು. ಮಣ್ಣು ಚೆನ್ನಾಗಿ ಒಣಗಿರಬೇಕು, ಚಹಾದ ಜರಡಿಯಲ್ಲಿ ಜರಡಿ ಹಿಡಿದಿರಬೇಕು. ಒಂದು ಕಂಬ ಮಾಡುವಾಗ ಉಳಿದ ಎರಡಕ್ಕೆ ಕಾಗದ ಮುಚ್ಚಿ. ಒಂದು ದಿನ ಮಲಗಿಸಿ ಒಣಗಿಸಿ, ಆಮೇಲೆ ಎತ್ತಿ ನಿಲ್ಲಿಸಿ ಮೆಲ್ಲಗೆ ತಟ್ಟಿ. ಉದುರುವುದು ಉದುರಲಿ. ಅಳತೆಯ ಚುಕ್ಕಿಗಳಿಗೆ ಪಂಚಿಂಗ್ ಮೆಷಿನಿನಿಂದ ಬೀಳುವ ಬಿಳಿ ಕಾಗದದ ಬಿಲ್ಲೆಗಳನ್ನು ಅಂಟಿಸಿ, ಕಂಬಕ್ಕೆ ಮೂರು. ಬೈಲಿನ ಕಂಬದ ಮೇಲೆ, ತುಂಬಾ ಎತ್ತರದಲ್ಲಿ ಒಂಟಿಯಾಗಿ ಒಂದು ಬಿಲ್ಲೆ ನಿಂತಿರುತ್ತದೆ. ನೋಡಿದ ಪ್ರತಿಯೊಬ್ಬರೂ ಮೊದಲು ಕೇಳುವುದು ಅದರ ಬಗ್ಗೆಯೇ. ಮಗಳಿಗೆ ಮಾತಾಡಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಮಣ್ಣಿನ ಕಂಬಕ್ಕೆ ಇನ್ನೊಂದು ಕಾರಣ ಇದೆ, ಅದು ನಮ್ಮ ಊರಿನದ್ದು. ಉಪಜಿಲ್ಲೆಯ ಮೇಳದಲ್ಲಿ ಚಾರ್ಟ್ ನೋಡಲು ಬರುವವರಿಗೆ ಕನ್ನಡ ಓದಲು ಬರುತ್ತದೆ ಎಂದು ಹೇಳಲಾಗುವುದಿಲ್ಲ. ಮಲಯಾಳ ಮಾತ್ರ ಗೊತ್ತಿರುವ ಟೀಚರ್ ಬರಬಹುದು. ಒಂದು ವರ್ಷ ನಾನು ನೋಡಿದ್ದೇನೆ. ಒಬ್ಬ ಹುಡುಗ ಎಷ್ಟೋ ದಿನ ಕೂತು ಒಳ್ಳೆಯ ಪ್ರಯೋಗ ಮಾಡಿದ್ದ. ಚಾರ್ಟಿನ ತುಂಬಾ ಕನ್ನಡದಲ್ಲಿ ಬರವಣಿಗೆ, ಒಂದು ಚಿತ್ರ ಇಲ್ಲ. ನೋಡಲು ಬಂದವರು ಮೇಲಿಂದ ಕೆಳಗೆ ಕಣ್ಣಾಡಿಸಿ ಮುಂದೆ ಹೋದರು. ಹುಡುಗನಿಗೆ ಕರೆದು ನಿಲ್ಲಿಸುವ ಧೈರ್ಯ ಬರಲಿಲ್ಲ. ಅವನ ಮುಖ ಈಗಲೂ ನನಗೆ ನೆನಪಿದೆ. ಪೋಸ್ಟರ್ ಕನ್ನಡದಲ್ಲೇ ಇರಲಿ, ಅವಳು ಕಲಿಯುವ ಭಾಷೆ, ಯೋಚಿಸುವ ಭಾಷೆ ಅದು. ಆದರೆ ಚಿತ್ರ ಭಾಷೆ ಇಲ್ಲದೆ ಅರ್ಥವಾಗಬೇಕು. ಮಣ್ಣು ಎಲ್ಲರಿಗೂ ಗೊತ್ತು, ಅಂಕೆ ಎಲ್ಲರಿಗೂ ಗೊತ್ತು. ಶೀರ್ಷಿಕೆಯ ಕೆಳಗೆ ಸಣ್ಣದಾಗಿ ಅದೇ ಮಾತನ್ನು ಮಲಯಾಳದಲ್ಲಿ ಒಂದು ಸಾಲು ಬರೆಸಿ. ಗೂಗಲಿನಲ್ಲಿ ಅನುವಾದ ಮಾಡಿ ಹಾಕಬೇಡಿ. ನೆರೆಮನೆಯಲ್ಲೋ ಶಾಲೆಯಲ್ಲೋ ಚೆನ್ನಾಗಿ ಮಲಯಾಳ ಬರೆಯುವವರು ಒಬ್ಬರು ಸಿಗುತ್ತಾರೆ. ಮೇಳದ ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲ ಅಲ್ವಾ ಎಂದು ಟೀಚರಲ್ಲಿ ಒಮ್ಮೆ ಕೇಳಿಕೊಳ್ಳಿ.

ಎಡಗಡೆಯ ಪಟ್ಟಿಯಲ್ಲಿ ಅವಳ ಪ್ರಶ್ನೆ, ಅದರ ಕೆಳಗೆ ಹೇಗೆ ಮಾಡಿದಳು ಎಂಬ ಚಿತ್ರ. 14 ಫೋಟೋಗಳಲ್ಲಿ ಒಂದೂ ಬೇಡ ಎಂದು ಹೇಳುವುದಿಲ್ಲ, ಬಾಟಲಿಗಳು ಸಾಲಾಗಿ ನಿಂತದ್ದು ಸ್ಪಷ್ಟವಾಗಿ ಇದ್ದರೆ ಒಂದನ್ನು ಅಂಟಿಸಿ. ಆದರೆ ಪೆನ್ಸಿಲಿನಲ್ಲಿ ಬರೆದ ಬಾಟಲಿಯ ಚಿತ್ರ ಫೋಟೋಗಿಂತ ಚೆನ್ನಾಗಿ ಹೇಳುತ್ತದೆ. ಬಟ್ಟೆ ಎಲ್ಲಿ, ಮಣ್ಣು ಎಷ್ಟು, ನೀರು ಎಷ್ಟು ಎಂದು ಬಾಣ ಎಳೆದು ಬರೆಯಬಹುದು. ‘ಮೊದಲು ನಾನು ಮೂರು ಬಾಟಲಿಗಳನ್ನು ತೆಗೆದುಕೊಂಡೆನು’ ಎಂಬ ಕಥೆ ಬರೆಯಬೇಕಾಗುವುದಿಲ್ಲ. ಎಲ್ಲ ಸಲವೂ ಒಂದೇ ಸಮ ಇಟ್ಟದ್ದು ಏನೇನು ಎಂಬುದನ್ನು ಮರೆಯಬಾರದು: ಮಣ್ಣಿನ ತೂಕ, ನೀರು, ಬಟ್ಟೆ, ಸಮಯ. ಇಲ್ಲಿ ಒಂದು ವಿಷಯ ವಿಚಾರಿಸಿ. ಗುಡ್ಡೆಯ ಮಣ್ಣಿನಲ್ಲಿ ಚರಳು ಇದ್ದೇ ಇರುತ್ತದೆ. ಅದನ್ನು ತೆಗೆದು ತೂಗಿದ್ದಾಳಾ, ಚರಳು ಸಮೇತ ತೂಗಿದ್ದಾಳಾ? 100 ಗ್ರಾಂನಲ್ಲಿ ಅರ್ಧ ಕಲ್ಲೇ ಇದ್ದರೆ ನೀರು ಹಿಡಿಯಲು ಉಳಿಯುವುದು ಅರ್ಧ ಮಣ್ಣು ಮಾತ್ರ. ಎರಡರಲ್ಲಿ ಯಾವುದಾದರೂ ತೊಂದರೆ ಇಲ್ಲ, ಯಾವುದು ಎಂದು ಬರೆಯಬೇಕು.

ಬಲಗಡೆಯಲ್ಲಿ ಯಾಕೆ ಹೀಗಾಯಿತು ಎಂಬ ಅವಳ ಅಂದಾಜು, ಮುಂದಿನ ಪ್ರಶ್ನೆ, ಮಣ್ಣು ಕೊಟ್ಟವರಿಗೆ ಒಂದು ಸಾಲಿನ ಧನ್ಯವಾದ. ಕಾರಣ ಬರೆಯುವಾಗ ಪುಸ್ತಕದಿಂದ ಅರ್ಧ ಪುಟ ಇಳಿಸುವುದು ಬೇಡ. ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಸಣ್ಣದು, ಮರಳಿನ ಕಣ 2 ಮಿ.ಮೀ. ತನಕ ಇರುತ್ತದೆ. ಕಣ ಸಣ್ಣದಾದರೆ ನಡುವಿನ ಸಂದೂ ಸಣ್ಣದು, ನೀರು ಇಳಿಯುವುದು ನಿಧಾನ. ತೋಟದ ಮಣ್ಣಿಗೆ ವರ್ಷ ವರ್ಷ ಸೊಪ್ಪು, ಹಟ್ಟಿಗೊಬ್ಬರ ಬಿದ್ದಿರುತ್ತದೆ, ಅದು ಸ್ಪಂಜಿನ ಹಾಗೆ ಸ್ವಲ್ಪ ನೀರು ಹೀರುತ್ತದೆ. ಇದನ್ನು ಸುಮ್ನೆ ಹೇಳುವುದಕ್ಕಿಂತ ಕೈಯಲ್ಲಿ ಪರೀಕ್ಷೆ ಮಾಡಿ ಹೇಳಬಹುದು. ಒಂದು ಹಿಡಿ ಮಣ್ಣಿಗೆ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಅಂಗೈಯಲ್ಲಿ ಹೊಸೆಯಬೇಕು. ಬೈಲಿನ ಮಣ್ಣು ಬತ್ತಿಯ ಹಾಗೆ ಉದ್ದಕ್ಕೆ ಬರುತ್ತದೆ. ಚರಳಿನ ಮಣ್ಣು ಮುರಿದು ಬೀಳುತ್ತದೆ. ಮೂರರದ್ದೂ ಬತ್ತಿ ಮಾಡಿ ನೋಡಿ, ಏನಾಯಿತು ಎಂದು ಒಂದು ಸಾಲು ಬರೆದರೆ ಅವಳ ಅಂದಾಜಿಗೆ ಅವಳದ್ದೇ ಆಧಾರ ಸಿಕ್ಕಿತು.

ಪ್ರಿಂಟ್ ಬೇಕಾ? ನನ್ನ ಉತ್ತರ, ಬೇಡ. ಕೈಯಲ್ಲೇ ಬರೆಯಲಿ. ಅಕ್ಷರ ಅಷ್ಟೇನೂ ಚಂದ ಇಲ್ಲದಿದ್ದರೂ ಪರವಾಗಿಲ್ಲ, ಪೆನ್ಸಿಲಿನಲ್ಲಿ ಗೆರೆ ಹಾಕಿ ನಿಧಾನವಾಗಿ ಬರೆದರೆ ಚೆನ್ನಾಗಿಯೇ ಬರುತ್ತದೆ. ಮೇಳದ ಹಿಂದಿನ ದಿನ ಒಂದು ಅಂಕೆ ಬದಲಾದರೆ ಬಿಳಿ ಕಾಗದ ಅಂಟಿಸಿ ತಿದ್ದಬಹುದು. ಫ್ಲೆಕ್ಸ್ ಅಂತೂ ಖಂಡಿತ ಬೇಡ. ಅದು ಪ್ಲಾಸ್ಟಿಕ್, ಒಂದು ದಿನದ ಕೆಲಸಕ್ಕೆ ವರ್ಷಗಟ್ಟಲೆ ಉಳಿಯುವ ಕಸ. ಅಂಗಡಿಯಲ್ಲಿ ಕನ್ನಡ ಮಾಡಿಸುವುದರಲ್ಲಿ ಬೇರೆ ತೊಂದರೆಯೂ ಇದೆ. ಒಮ್ಮೆ ನಾವು ಶಾಲೆಯ ಕಾರ್ಯಕ್ರಮಕ್ಕೆ ಮಾಡಿಸಿದ ಬ್ಯಾನರಿನಲ್ಲಿ ‘ವಿಜ್ಞಾನ’ ಎಂಬುದು ‘ವಿಜ್‌ಞಾನ’ ಆಗಿ ಬಂತು, ಮಧ್ಯಾಹ್ನದ ತನಕ ಕೂತು ಮೇಲೆ ಕಾಗದ ಅಂಟಿಸಿದೆವು. ಅಲ್ಲಿ ಟೈಪ್ ಮಾಡುವವರಿಗೆ ಕನ್ನಡ ಓದಲು ಬಾರದಿದ್ದರೆ ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಫೋಟೋಶಾಪಿನಂಥ ಸಾಫ್ಟ್‌ವೇರಿನ ಹಳೆಯ ಆವೃತ್ತಿಗಳಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡದ ಒತ್ತು ಒಡೆಯುತ್ತದೆ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಟೀಚರ್ ಪ್ರಿಂಟೇ ಬೇಕು ಎಂದರೆ ಮನೆಯಲ್ಲೇ ಯುನಿಕೋಡಿನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಕೊಡಿ. ಪಿಡಿಎಫಿನಲ್ಲಿ ಫಾಂಟ್ ಒಳಗೇ ಕೂತಿರುತ್ತದೆ. ಮೊದಲು ಎ4 ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ, ಮಗಳು ಅದನ್ನು ಅಕ್ಷರ ಅಕ್ಷರ ಓದಲಿ. ಎ3 ಅಳತೆ 42 ಸೆಂ.ಮೀ.ಗೆ 29.7, ನಿಮ್ಮ ಅರ್ಧ ಚಾರ್ಟಿಗಿಂತ ಸಣ್ಣದು ಎಂಬುದೂ ಗೊತ್ತಿರಲಿ. ಆಗ ಪದ ಇನ್ನೂ ಕಡಿಮೆ ಮಾಡಬೇಕು.

ಮಳೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲೂ ನಮ್ಮಲ್ಲಿ ಸಂಜೆ ಗುಡುಗಿ ಮಳೆ ಬರುತ್ತದೆ. ಸ್ಕೆಚ್ ಪೆನ್ನಿನ ಶಾಯಿ ಒಂದು ಹನಿ ಬಿದ್ದರೂ ಹರಡುತ್ತದೆ, ಪರ್ಮನೆಂಟ್ ಮಾರ್ಕರ್ ಹರಡುವುದಿಲ್ಲ. ಮಣ್ಣು ಅಂಟಿಸಿದ ಚಾರ್ಟನ್ನು ಸುರುಳಿ ಸುತ್ತಬಾರದು, ಕಂಬ ಬಿರಿಯುತ್ತದೆ. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ. ಮೈದಾ ಅಂಟು ಬೇಡ, ಈ ತೇವದಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ಪೆನ್ಸಿಲಿನಲ್ಲಿ ಎಲ್ಲ ಬರೆದಾದ ಮೇಲೆ, ಶಾಯಿ ಹಾಕುವ ಮೊದಲು, ಜಗಲಿಯ ಗೋಡೆಗೆ ಸಿಕ್ಕಿಸಿ. ಪ್ರಯೋಗದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕರೆಯಿರಿ, ನೆರೆಮನೆಯ ಅಕ್ಕನೋ, ಹಾಲು ತೆಗೆದುಕೊಂಡು ಹೋಗಲು ಬಂದವರೋ ಯಾರಾದರೂ ಆದೀತು. ನಾಲ್ಕು ಹೆಜ್ಜೆ ದೂರ ನಿಲ್ಲಿಸಿ, ಹತ್ತು ಸೆಕೆಂಡ್ ತೋರಿಸಿ, ಮುಚ್ಚಿ. ಏನು ತಿಳಿಯಿತು ಎಂದು ಕೇಳಿ. ಅವರು ‘ಗುಡ್ಡೆ ಮಣ್ಣಲ್ಲಿ ನೀರು ಬೇಗ ಹೋಗ್ತದೆ ಅಂತ’ ಎಂದರೆ ಶಾಯಿ ಹಾಕಬಹುದು. ‘ಏನೋ ಮಣ್ಣಿನ ವಿಷಯ’ ಎಂದರೆ ಇನ್ನೂ ಕೆಲಸ ಇದೆ. ಮಗಳಿಗೆ ಉತ್ತರ ಹೇಳಿಕೊಡಬೇಡಿ, ಎಲ್ಲಿ ತಿಳಿಯಲಿಲ್ಲ ಎಂದು ಅವಳೇ ಅವರಲ್ಲಿ ಕೇಳಲಿ. ಮೇಳದಲ್ಲಿ ಅವಳು ಚಾರ್ಟಿನ ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು, ಒಂದು ನಿಮಿಷದಲ್ಲಿ ಹೇಳುವುದನ್ನು ಬಾಯಿಪಾಠ ಮಾಡದೆ ಅಭ್ಯಾಸ ಮಾಡಲಿ. ಬಾಯಿಪಾಠ ಮಾಡಿದರೆ ಮಧ್ಯದಲ್ಲಿ ಒಂದು ಪ್ರಶ್ನೆ ಬಂದ ಕೂಡಲೇ ತಪ್ಪಿಹೋಗುತ್ತದೆ. ಎದುರಿನವರು ಮಲಯಾಳದಲ್ಲಿ ಕೇಳಿದರೆ ಗೊತ್ತಿದ್ದಷ್ಟು ಮಲಯಾಳದಲ್ಲೇ ಹೇಳಲಿ, ಗೊತ್ತಿಲ್ಲದಾಗ ಕಂಬ ತೋರಿಸಲಿ.

ಆದರೆ ಚಾರ್ಟ್ ಪೇಪರ್ ತರುವ ಮೊದಲು ಒಂದು ಕೆಲಸ. ಈ ಶನಿವಾರ ಬೈಲಿನ ಮಣ್ಣನ್ನು ಇನ್ನೂ ಎರಡು ಸಲ ಅಳೆಯಲಿ. ಹೆಂಟೆ ಚೆನ್ನಾಗಿ ಪುಡಿ ಮಾಡಿ, ಬಾಟಲಿಯ ಬದಿಗೆ ಚಮಚದ ಹಿಂಬದಿಯಿಂದ ಒತ್ತಿ, ನೀರನ್ನು ಒಮ್ಮೆಲೇ ಸುರಿಯದೆ ನಿಧಾನವಾಗಿ ಮಧ್ಯಕ್ಕೆ ಹೊಯ್ಯಲಿ. ಮುಂಚೆ ಹೀಗೆ ಒತ್ತಿ ಮಾಡಿರಲಿಲ್ಲ ಎಂದಾದರೆ ಉಳಿದ ಎರಡು ಮಣ್ಣಿಗೂ ಹೀಗೇ ಒಮ್ಮೊಮ್ಮೆ ಮಾಡಬೇಕು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ಅರ್ಧ ಗಂಟೆ ಆದಾಗ ಮಣ್ಣಿನ ಮೇಲೆ ನೀರು ನಿಂತಿದೆಯೋ ಇಲ್ಲವೋ ಎಂದು ಬರೆದಿಡಲಿ. ಎರಡೂ 40ರ ಆಸುಪಾಸು ಬಂದರೆ ನಾನು ಹೇಳಿದ ಶೀರ್ಷಿಕೆಯೇ ಇರಲಿ. 60ರ ಆಸುಪಾಸು ಬಂದರೆ ದಾರಿ ತಪ್ಪಿದ್ದು 66 ಅಲ್ಲ, ಮೊದಲಿನ ಎರಡು. ಆಗ ಶೀರ್ಷಿಕೆ ಬದಲಿಸಬೇಕಾಗುತ್ತದೆ. ಯಾವುದು ಬಂತು ಎಂದು ನನಗೂ ಬರೆದು ತಿಳಿಸಲು ಮಗಳಿಗೆ ಹೇಳಿ.